ರಾತ್ರಿ ಹತ್ತರ ಊಟ ಹೊಟ್ಟೆಗೋ, ತೋಳಿಗೋ?

"ಏಳು ಗಂಟೆ ಮೇಲೆ ತಿಂದಿದ್ದೆಲ್ಲ ಕೊಬ್ಬೇ" ಅನ್ನೋ ಮಾತನ್ನ ನೀವೂ ಕೇಳಿರ್ತೀರಿ. ಜಿಮ್ಮಿನ ಟ್ರೈನರ್ ಹೇಳ್ತಾನೆ, ಮದುವೆ ಮನೇಲಿ ಸಿಕ್ಕ ಚಿಕ್ಕಪ್ಪನೂ ಹೇಳ್ತಾರೆ. ಇನ್‌ಸ್ಟಾಗ್ರಾಮ್ ತೆಗೆದ್ರೆ ಇನ್ನೊಬ್ಬ, "ಮಲಗೋ ಮುಂಚೆ ಪ್ರೋಟೀನ್ ಕುಡೀದಿದ್ರೆ ಮಸಲ್ ಕರಗಿಹೋಗುತ್ತೆ" ಅಂತ ಹೆದರಿಸ್ತಾನೆ. ಅಮೆರಿಕದ ಟೀಮ್ ಜೊತೆ ಕಾಲ್ ಮುಗಿಸಿ, ಜಿಮ್ಮಿಗೆ ಹೋಗಿ, ಒಂಬತ್ತೂವರೆಗೆ ಮನೆ ಸೇರೋ ನಮ್ಮಂಥವರು ಯಾರ ಮಾತು ಕೇಳಬೇಕು?

ಮೊದಲು ಕೊಬ್ಬಿನ ಲೆಕ್ಕ ನೋಡೋಣ. ಮಲಗಿದಾಗ ದೇಹದ ಅಂಗಡಿ ಬಾಗಿಲು ಹಾಕೋದಿಲ್ಲ. ಹೃದಯ, ಮೆದುಳು, ಮೂತ್ರಪಿಂಡ ಎಲ್ಲ ಕೆಲಸ ಮಾಡ್ತಾನೇ ಇರುತ್ತವೆ. 65 ಕೆಜಿ ತೂಕದ ಒಬ್ಬರು ಏಳು ಗಂಟೆ ನಿದ್ದೆಯಲ್ಲಿ ಹೆಚ್ಚುಕಮ್ಮಿ 400 ಕ್ಯಾಲೊರಿ ಖರ್ಚು ಮಾಡ್ತಾರೆ. ಇಡೀ ದಿನದ ಖರ್ಚಿಗಿಂತ ಹೆಚ್ಚು ತಿಂದ್ರೆ ಕೊಬ್ಬು ಕೂಡುತ್ತೆ, ಅದು ಮಧ್ಯಾಹ್ನ ತಿಂದಿದ್ದಾದರೂ ಸರಿಯೇ.

ಇದಕ್ಕೆ ನನಗೆ ಇಷ್ಟವಾದ ಪುರಾವೆ ಇಸ್ರೇಲಿನದು. ಬೊಜ್ಜಿದ್ದ 78 ಪೊಲೀಸರ ಮೇಲೆ ಆರು ತಿಂಗಳು ನಡೆದ ಅಧ್ಯಯನ, ಪ್ರಕಟವಾಗಿದ್ದು 2011ರಲ್ಲಿ. ಎಲ್ಲರಿಗೂ ಡಯಟ್ ಇತ್ತು. ಒಂದು ಗುಂಪು ಮಾತ್ರ ಕಾರ್ಬೋಹೈಡ್ರೇಟನ್ನ ಹೆಚ್ಚಾಗಿ ರಾತ್ರಿ ಊಟಕ್ಕೇ ಇಟ್ಟುಕೊಂಡಿತು. ಟ್ರೈನರ್ ಲೆಕ್ಕದಲ್ಲಿ ಅವರು ಊದಿಕೊಳ್ಳಬೇಕಿತ್ತು. ಆದರೆ ಅವರೇ ಇನ್ನೊಂದು ಗುಂಪಿಗಿಂತ ಸ್ವಲ್ಪ ಹೆಚ್ಚು ತೂಕ ಇಳಿಸಿದ್ರು.

ಹಾಗಂತ ಹೊತ್ತಿಗೆ ಬೆಲೆಯೇ ಇಲ್ಲ ಅನ್ನೋಕಾಗಲ್ಲ. 2022ರಲ್ಲಿ ಬಾಸ್ಟನ್‌ನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯ ಸಂಶೋಧಕರು ತೂಕ ಹೆಚ್ಚಿದ್ದ 16 ಜನರಿಗೆ ಅದೇ ಊಟವನ್ನೇ ನಾಲ್ಕು ಗಂಟೆ ತಡವಾಗಿ ಕೊಟ್ಟು ನೋಡಿದ್ರು. ತಡವಾಗಿ ಉಂಡಾಗ ಹಸಿವು ಹೆಚ್ಚಾಯ್ತು, ಎಚ್ಚರವಿದ್ದಾಗಿನ ಕ್ಯಾಲೊರಿ ಖರ್ಚು ಸ್ವಲ್ಪ ಇಳಿಯಿತು. ಕೆಲವೇ ದಿನಗಳ ಪ್ರಯೋಗ ಅದು, ತೂಕ ಎಷ್ಟು ಏರುತ್ತೆ ಅಂತ ಹೇಳೋದಲ್ಲ. ನನ್ನ ಪ್ರಕಾರ ನಮ್ಮ ದೊಡ್ಡ ತೊಂದರೆ ಹಾರ್ಮೋನಿಗಿಂತ ಸ್ವಿಗ್ಗಿಯದು. ರಾತ್ರಿ ಹನ್ನೊಂದಕ್ಕೆ ಯಾರೂ ಸೌತೆಕಾಯಿ ಕೋಸಂಬರಿ ಆರ್ಡರ್ ಮಾಡೋದಿಲ್ಲ!

ಈಗ ತೋಳಿನ ವಿಷಯ. ಇದರ ತವರು ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯ. 2012ರಲ್ಲಿ ಅಲ್ಲಿನವರು 16 ಯುವಕರಿಂದ ರಾತ್ರಿ ವೇಳೆ ಭಾರ ಎತ್ತಿಸಿ, ಮಲಗೋ ಮುಂಚೆ ಅರ್ಧದಷ್ಟು ಜನರಿಗೆ 40 ಗ್ರಾಂ ಕೇಸಿನ್ ಕುಡಿಸಿದ್ರು. ಹಾಲಿನ ಪ್ರೋಟೀನಿನಲ್ಲಿ ಶೇಕಡಾ 80ರಷ್ಟು ಕೇಸಿನ್ನೇ. ಹೊಟ್ಟೆಯಲ್ಲಿ ಮೊಸರಿನ ಹಾಗೆ ಗಟ್ಟಿಯಾಗಿ ನಿಧಾನಕ್ಕೆ ಜೀರ್ಣವಾಗುತ್ತೆ. ಅದನ್ನ ಕುಡಿದವರಲ್ಲಿ ರಾತ್ರಿಯಿಡೀ ಸ್ನಾಯು ಕಟ್ಟೋ ಕೆಲಸ ಸುಮಾರು ಶೇಕಡಾ 22ರಷ್ಟು ಹೆಚ್ಚಾಗಿತ್ತು. 2015ರ ಇನ್ನೊಂದು ಅಧ್ಯಯನದಲ್ಲಿ 44 ಯುವಕರು 12 ವಾರ ವ್ಯಾಯಾಮ ಮಾಡಿದ್ರು. ಮಲಗೋ ಮುಂಚೆ ಪ್ರೋಟೀನ್ ಕುಡಿದ ಗುಂಪಿಗೆ ಸ್ನಾಯುವೂ ಬಲವೂ ಹೆಚ್ಚು ಸಿಕ್ಕಿತು.

ಟೆಸ್ಟಿಂಗ್ ಮಾಡಿದವರಿಗೆ ಇಲ್ಲಿ ಒಂದು ಕಣ್ಣಿಗೆ ಹೊಡೆಯುತ್ತೆ. ಪ್ರೋಟೀನ್ ಕುಡಿದ ಗುಂಪು ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 1.9 ಗ್ರಾಂ ತಿಂದಿತ್ತು, ಇನ್ನೊಂದು ಗುಂಪು 1.3 ಗ್ರಾಂ. ಎರಡು ವೇರಿಯಬಲ್ ಒಟ್ಟಿಗೆ ಬದಲಾಯಿಸಿ ಒಂದಕ್ಕೇ ಶಹಬ್ಬಾಸ್ ಕೊಟ್ಟ ಹಾಗಾಯ್ತು. ಲಾಭ ಮಲಗೋ ಹೊತ್ತಿಂದು ಅನ್ನೋದಕ್ಕಿಂತ ದಿನದ ಒಟ್ಟು ಪ್ರೋಟೀನಿಂದು ಅನ್ನೋದೇ ನನಗೆ ಸರಿ ಅನಿಸುತ್ತೆ.

ನಮ್ಮ ತಟ್ಟೆ ಸೋಲೋದೂ ಆ ಒಟ್ಟು ಲೆಕ್ಕದಲ್ಲೇ. ಐಸಿಎಂಆರ್ ಹೇಳೋ ಪ್ರಮಾಣ ಕೆಜಿಗೆ 0.83 ಗ್ರಾಂ, ಅಂದ್ರೆ 65 ಕೆಜಿಯವರಿಗೆ 54 ಗ್ರಾಂ. ಭಾರ ಎತ್ತುವವರಿಗೆ 1.6 ಗ್ರಾಂವರೆಗೆ ಉಪಯೋಗ ಇದೆ ಅಂತ ಸಂಶೋಧನೆಗಳು ಹೇಳುತ್ತವೆ, ಅಂದ್ರೆ ನೂರರ ಮೇಲೆ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಕ್ಯಾಂಟೀನಿನ ಅನ್ನ ಸಾಂಬಾರು, ಸಂಜೆ ಟೀ ಬಿಸ್ಕೆಟ್ ಆದ್ರೆ ನೂರು ಎಲ್ಲಿಂದ ಬರಬೇಕು? ಅದರ ಮೇಲೆ ರಾತ್ರಿ ಊಟವನ್ನೂ ಬಿಟ್ರೆ ಮುಗೀತು. ಅಮ್ಮ ಕೊಡೋ ಒಂದು ಲೋಟ ಅರಿಶಿನ ಹಾಲಲ್ಲಿ ಇರೋದು ಆರೂವರೆ ಗ್ರಾಂ ಪ್ರೋಟೀನ್. ಮಾಸ್ಟ್ರಿಕ್ಟ್‌ನ 40 ಗ್ರಾಂ ಕೇಸಿನ್ ಬೇಕಂದ್ರೆ ಒಂದೂವರೆ ಲೀಟರ್ ಹಸುವಿನ ಹಾಲು ಕುಡೀಬೇಕು. ಆಮೇಲೆ ನಿದ್ದೆ ಮಾಡೋದು ಬಾತ್‌ರೂಮಿನಲ್ಲೇ.

ಸುಲಭದ ದಾರಿ ಇದೆ. 100 ಗ್ರಾಂ ಪನೀರ್‌ನಲ್ಲಿ ಸುಮಾರು 18 ಗ್ರಾಂ, ಮೂರು ಮೊಟ್ಟೆಯಲ್ಲಿ 18 ಗ್ರಾಂ, 50 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ 25 ಗ್ರಾಂ ಪ್ರೋಟೀನ್ ಇದೆ. ಬಸ್ಸಾರು ಮಾಡೋ ಮನೆಯವರು ರಸಕ್ಕೆ ಮುದ್ದೆ ಅದ್ದಿ ಎದ್ದುಬಿಡಬೇಡಿ, ಪ್ರೋಟೀನ್ ಇರೋದು ಪಕ್ಕದಲ್ಲಿಟ್ಟ ಕಾಳಿನ ಪಲ್ಯದಲ್ಲಿ.

ನಾನು ಈಗ ಊಟವನ್ನ ಎರಡು ಮಾಡ್ಕೊಂಡಿದೀನಿ. ಏಳಕ್ಕೆ ಕಾಲ್ ನಡುವೆ ಚಪಾತಿ ಪಲ್ಯ, ಜಿಮ್ ಆದ ಮೇಲೆ ಮೊಟ್ಟೆ ಇಲ್ಲಾ ಪನೀರ್ ಜೊತೆ ಒಂದು ಸೌಟು ಮೊಸರನ್ನ. ಹೊಟ್ಟೆ ತುಂಬ ಬಿರಿಯಾನಿ ಉಂಡು ತಕ್ಷಣ ಅಡ್ಡಾದ್ರೆ ಎದೆಯುರಿ ಗ್ಯಾರಂಟಿ. ದೊಡ್ಡ ಊಟಕ್ಕೂ ಹಾಸಿಗೆಗೂ ಎರಡು ಮೂರು ಗಂಟೆ ಅಂತರ ಇರಲಿ. ಶುಗರ್‌ಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳದೆ ರಾತ್ರಿ ಊಟ ಬಿಡಬಾರದು, ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಇಳಿಯಬಹುದು. ಕಿಡ್ನಿ ತೊಂದರೆ ಇರೋರು ತಾವಾಗಿ ಪ್ರೋಟೀನ್ ಏರಿಸೋದೂ ಬೇಡ.

ನನ್ನ ಟೀಮಿನ ಹುಡುಗನೊಬ್ಬ ಮೂರು ತಿಂಗಳು ಜಿಮ್ ಮುಗಿಸಿ ನೀರು ಕುಡಿದು ಮಲಗ್ತಿದ್ದ. ಹನ್ನೆರಡಕ್ಕೆ ಹಸಿವಾಗಿ ಎದ್ದು ಖಾರಾ ಮಿಕ್ಸ್ಚರ್ ಡಬ್ಬ ಖಾಲಿ ಮಾಡ್ತಿದ್ದ. ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಮುಖ ನೋಡೋಕಾಗ್ತಿರಲಿಲ್ಲ. ಈಗ ಜಿಮ್ ಆದ ಮೇಲೆ ಎರಡು ಚಪಾತಿ, ಮೂರು ಮೊಟ್ಟೆ ತಿಂತಾನೆ. ಮಿಕ್ಸ್ಚರ್ ಡಬ್ಬ ಮುಟ್ಟಿಲ್ಲವಂತೆ, ಹೊಟ್ಟೆಯೂ ಬಂದಿಲ್ಲ. ಬೆಂಚ್ ಪ್ರೆಸ್ ಐದು ಕೆಜಿ ಏರಿದೆ. ಅದರಲ್ಲಿ ಮೊಟ್ಟೆಯ ಪಾಲೆಷ್ಟು, ನಿದ್ದೆಯ ಪಾಲೆಷ್ಟು ಅಂತ ಅವನೂ ನಾನೂ ಇನ್ನೂ ಜಗಳ ಆಡ್ತಾ ಇದೀವಿ.