ಅಲುಗಾಡಿದರೆ ಕಡಲ್ಗಳ್ಳರು ಬರುತ್ತಾರೆ!

ಎಂಆರ್‌ಐ ಯಂತ್ರ ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ. ಅಲುಗಾಡದೆ ಮಲಗಿದ್ದರೆ ಸಾಕು. ಆದರೆ ಇಕ್ಕಟ್ಟಾದ ಕೊಳವೆಯೊಳಗೆ, ಕಿವಿಗಡಚಿಕ್ಕುವ ಸದ್ದಿನ ನಡುವೆ, ಅರ್ಧ ಗಂಟೆ ಸುಮ್ಮನೆ ಬಿದ್ದಿರು ಎಂದರೆ ಐದು ವರ್ಷದ ಕೂಸು ಕೇಳೀತೇ? ತುಸು ಕದಲಿದರೂ ಚಿತ್ರ ಮಸುಕು. ಹಾಗಾಗಿ ಎಷ್ಟೋ ಮಕ್ಕಳಿಗೆ ಮಂಪರು ಬರಿಸಿಯೇ ಸ್ಕ್ಯಾನ್ ಮಾಡಬೇಕಾಗುತ್ತದೆ.

ಅಮೆರಿಕದ ಜಿಇ ಹೆಲ್ತ್‌ಕೇರ್ ಕಂಪನಿಯಲ್ಲಿ ಇಂಥ ಯಂತ್ರಗಳಿಗೆ ರೂಪ ಕೊಡುತ್ತಿದ್ದವರು ಡಗ್ ಡೀಟ್ಸ್. ತಮ್ಮ ಹೊಸ ಯಂತ್ರವನ್ನು ನೋಡಲು ಆಸ್ಪತ್ರೆಗೆ ಹೋದವರಿಗೆ ಕಂಡದ್ದು, ಅದರತ್ತ ಅಳುತ್ತಾ ನಡೆದು ಬರುತ್ತಿದ್ದ ಪುಟ್ಟ ಹುಡುಗಿ. ಯಂತ್ರವನ್ನು ಮೊದಲಿನಿಂದ ಕಟ್ಟುವಷ್ಟು ದುಡ್ಡು ಅವರ ಬಳಿ ಇರಲಿಲ್ಲ. ಕೋಣೆಯನ್ನೇ ಬದಲಿಸಿದರು. ಪಿಟ್ಸ್‌ಬರ್ಗ್‌ನ ಮಕ್ಕಳ ಆಸ್ಪತ್ರೆಯಲ್ಲಿ ಸ್ಕ್ಯಾನರ್ ಕಡಲ್ಗಳ್ಳರ ಹಡಗಾಯಿತು. ಕೊಳವೆಯ ಬಾಯಿಗೆ ನಾವಿಕನ ಚಕ್ರ ಬಂತು. ಹಡಗಿನಲ್ಲಿರುವಷ್ಟು ಹೊತ್ತೂ ಮಿಸುಕಬಾರದು. ಪಯಣ ಮುಗಿದರೆ ನಿಧಿ ಪೆಟ್ಟಿಗೆಯಿಂದ ಬಹುಮಾನ.

ಗೋಡೆಗೆ ಬಣ್ಣ ಯಾರು ಬೇಕಾದರೂ ಬಳಿದಾರು. ನನಗೆ ಹಿಡಿಸಿದ್ದು ಸದ್ದಿಗೆ ಅವರು ಕಟ್ಟಿದ ಕಥೆ. ಇನ್ನೊಂದು ವಿನ್ಯಾಸದಲ್ಲಿ ಯಂತ್ರವೇ ಆಕಾಶನೌಕೆ. ಸದ್ದು ಜೋರಾಗುವ ಮುನ್ನ ತಂತ್ರಜ್ಞರು, ‘ಈಗ ನೌಕೆ ವೇಗ ಹೆಚ್ಚಿಸುತ್ತೆ, ಕಿವಿಗೊಟ್ಟು ಕೇಳು’ ಎನ್ನುತ್ತಾರೆ. ಹೆದರಿಸುತ್ತಿದ್ದ ಸದ್ದಿಗೇ ಮಗು ಕಾದು ಕೂರುತ್ತದೆ! ಇಂಥ ಕೋಣೆಗಳಲ್ಲಿ ಮಂಪರು ಬೇಕಾಗುವ ಮಕ್ಕಳ ಸಂಖ್ಯೆ ಗಣನೀಯವಾಗಿ ತಗ್ಗಿತು.

ಡೀಟ್ಸ್‌ಗೆ ಸಲಹೆ ಕೊಟ್ಟವರಲ್ಲಿ ‘ಚೈಲ್ಡ್ ಲೈಫ್ ಸ್ಪೆಷಲಿಸ್ಟ್’ಗಳೂ ಇದ್ದರು. ಆಟದ ಮೂಲಕ ಮಕ್ಕಳ ಅಂಜಿಕೆ ತಗ್ಗಿಸುವುದು ಇವರ ಕೆಲಸ; ಅಮೆರಿಕದ ಆಸ್ಪತ್ರೆಗಳಲ್ಲಿ ಇದೊಂದು ಪೂರ್ಣಾವಧಿ ವೃತ್ತಿ. ವಿಯೆನ್ನಾದಿಂದ ಬಂದ ಮಾಂಟೆಸ್ಸರಿ ಶಿಕ್ಷಕಿ ಎಮ್ಮಾ ಪ್ಲ್ಯಾಂಕ್ 1955ರಲ್ಲಿ ಕ್ಲೀವ್‌ಲ್ಯಾಂಡ್‌ನ ಆಸ್ಪತ್ರೆಯಲ್ಲಿ ಮಕ್ಕಳ ಆಟಪಾಠಕ್ಕೆಂದೇ ವಿಭಾಗ ಶುರುಮಾಡಿದವರು. ಆಪರೇಷನ್‌ಗೆ ಮೊದಲು ಮಗುವಿನ ಕೈಗೆ ಗೊಂಬೆ, ಸೂಜಿಯಿಲ್ಲದ ಸಿರಿಂಜು ಕೊಟ್ಟು ‘ನೀನೇ ಡಾಕ್ಟರು’ ಎನ್ನುವುದು ಈ ವೃತ್ತಿಯವರ ಹಳೆಯ ಪಟ್ಟು. ಆಸ್ಪತ್ರೆಯಲ್ಲಿ ಎಲ್ಲವನ್ನೂ ಬೇರೆಯವರೇ ಮಾಡುತ್ತಾರೆ, ಮಗು ಮಾಡಿಸಿಕೊಳ್ಳುತ್ತದೆ. ಆಟವಾಡುವಾಗ ಮಾತ್ರ ಅದಕ್ಕೂ ಒಂದು ಕೆಲಸ ಸಿಗುತ್ತದೆ. ಬರಿಯ ಕಾರ್ಟೂನು ಹಾಕಿ ಕೂರಿಸುವುದಕ್ಕೂ ಇದಕ್ಕೂ ಇರುವ ಅಂತರ ದೊಡ್ಡದು ಎಂದೇ ನನ್ನ ಅನಿಸಿಕೆ.

ಸಿಯಾಟಲ್‌ನ ಹಾರ್ಬರ್‌ವ್ಯೂ ಸುಟ್ಟಗಾಯ ಕೇಂದ್ರದಲ್ಲೂ ಇದೇ ಸೂತ್ರ. ಗಾಯ ತೊಳೆದು ಪಟ್ಟಿ ಬದಲಿಸುವಾಗ ಬಲವಾದ ನೋವುನಿವಾರಕವೂ ಸಾಲದು. ಮನಶ್ಶಾಸ್ತ್ರಜ್ಞರಾದ ಹಂಟರ್ ಹಾಫ್‌ಮನ್, ಡೇವಿಡ್ ಪ್ಯಾಟರ್‌ಸನ್ ಅಲ್ಲಿ ‘ಸ್ನೋವರ್ಲ್ಡ್’ ಎಂಬ ವರ್ಚುವಲ್ ರಿಯಾಲಿಟಿ ಆಟವನ್ನು ಬಳಕೆಗೆ ತಂದರು. ಕಣ್ಣಿಗೆ ಕನ್ನಡಕ ಏರಿಸಿದರೆ ಸುತ್ತ ಹಿಮದ ಕಣಿವೆ. ಹಿಮಮಾನವರಿಗೆ, ಪೆಂಗ್ವಿನ್‌ಗಳಿಗೆ ಗುರಿಯಿಟ್ಟು ಹಿಮದುಂಡೆ ಎಸೆಯಬೇಕು. ನೋವಿಗೂ ಗಮನ ಬೇಕು. ಅದನ್ನು ಆಟ ಕಸಿದುಕೊಂಡರೆ ನೋವು ಅಷ್ಟರಮಟ್ಟಿಗೆ ತಗ್ಗುತ್ತದೆ.

ಕ್ಯಾನ್ಸರ್ ಪೀಡಿತ ಹದಿಹರೆಯದವರಿಗೆಂದು ಹೋಪ್‌ಲ್ಯಾಬ್ ಸಂಸ್ಥೆ 2006ರಲ್ಲಿ ಹೊರತಂದ ‘ರೀ-ಮಿಷನ್’ ವಿಡಿಯೊ ಗೇಮ್‌ನಲ್ಲಿ ದೇಹದೊಳಗೆ ಹಾರಾಡಿ ಕ್ಯಾನ್ಸರ್ ಕೋಶಗಳನ್ನು ಹೊಡೆಯಬೇಕು. ಮೂರು ದೇಶಗಳ 34 ಕೇಂದ್ರಗಳಲ್ಲಿ 375 ರೋಗಿಗಳ ಮೇಲೆ ನಡೆದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಆಡಿದವರು ಮಾತ್ರೆಗಳನ್ನು ಹೆಚ್ಚು ಚಾಚೂತಪ್ಪದೆ ನುಂಗಿದ್ದರು; ತಮ್ಮ ರೋಗದ ಬಗ್ಗೆ ಹೆಚ್ಚು ತಿಳಿದುಕೊಂಡಿದ್ದರು. ಅವರ ಮಾನಸಿಕ ಒತ್ತಡ ಮಾತ್ರ ಆಟದಿಂದ ಕಡಿಮೆಯಾಗಿರಲಿಲ್ಲ.