ಹಳೆಯ ಪುಸ್ತಕಕ್ಕೊಂದು ಗೂಡು

ನಮ್ಮ ತಾತನವರು ಓದುತ್ತಿದ್ದ ಜೈಮಿನಿ ಭಾರತದ ಪ್ರತಿಯೊಂದು ವಿಜಯನಗರದ ನಮ್ಮ ಮನೆಯ ಸಜ್ಜದ ಮೇಲೆ ಬಹಳ ವರ್ಷ ಬಿದ್ದಿತ್ತು. ರಟ್ಟು ಕಳಚಿತ್ತು. ಹಾಳೆಗಳು ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿದ್ದವು. ತಾತ ಅದನ್ನು ಬರೀ ಓದುತ್ತಿರಲಿಲ್ಲ. ಹಾಳೆಗಳ ಅಂಚಿನಲ್ಲಿ ಪೆನ್ಸಿಲಿನಿಂದ ಮನೆಯ ಸಮಾಚಾರವನ್ನೂ ಗುರುತು ಹಾಕಿಡುತ್ತಿದ್ದರು. ಹಸು ಈದದ್ದು, ಮಳೆ ಬಂದದ್ದು, ಯಾವ ಮಗು ಯಾವ ಸಂವತ್ಸರದ ಯಾವ ತಿಥಿಯಲ್ಲಿ ಹುಟ್ಟಿತು ಎಂಬುದು, ಎಲ್ಲವೂ ಅಲ್ಲಿತ್ತು.

ನಾನು ಮೇಷ್ಟ್ರು ಕೆಲಸಕ್ಕೆ ಸೇರಿದ ಹೊಸತು. ತಾತನ ಪುಸ್ತಕ ಉಳಿಸಬೇಕೆಂಬ ಉತ್ಸಾಹದಲ್ಲಿ ಅದನ್ನು ಒಬ್ಬ ಬೈಂಡರ್ ಬಳಿ ಒಯ್ದು, 'ಚೆನ್ನಾಗಿ ಗಟ್ಟಿ ಮಾಡಿಕೊಡಿ' ಎಂದೆ. ಅವರು ಹೇಳಿದ ದಿನಕ್ಕೆ, ಹೇಳಿದ ದುಡ್ಡಿಗೆ, ಗಟ್ಟಿಯಾಗಿಯೇ ಮಾಡಿಕೊಟ್ಟರು. ಮೆರೂನ್ ಬಣ್ಣದ ಕ್ಯಾಲಿಕೋ ಹೊದಿಕೆ, ಚಿನ್ನದ ಬಣ್ಣದ ಅಕ್ಷರ. ಆದರೆ ಅಂದ ಕಾಣಲೆಂದು ಮೂರು ಕಡೆಯೂ ಅಂಚನ್ನು ಸಮನಾಗಿ ಕತ್ತರಿಸಿದ್ದರು. ತಾತನ ಬರಹದ ಅರ್ಧ ಭಾಗ ಆ ಅಂಗಡಿಯ ಕಸದ ಬುಟ್ಟಿ ಸೇರಿತ್ತು. ನಮ್ಮಪ್ಪ ಹುಟ್ಟಿದ ಸಾಲಿನಲ್ಲಿ ತಿಥಿ, ವಾರ ಉಳಿದಿದ್ದವು, ಸಂವತ್ಸರ ಹೋಗಿತ್ತು. ಶಾಲೆಯ ದಾಖಲೆಯಲ್ಲಿದ್ದ ಜೂನ್ ಒಂದನೇ ತಾರೀಕು ಅವರನ್ನು ಸೇರಿಸಿಕೊಂಡ ಮೇಷ್ಟ್ರು ಅಂದಾಜಿಗೆ ಬರೆದದ್ದು. ನಿಜವಾದ ವರ್ಷ ತಿಳಿಯಲು ಇದ್ದದ್ದು ಆ ಒಂದು ಸಾಲು ಮಾತ್ರ. ಅಪ್ಪ ಕತ್ತರಿಸಿದ ಅಂಚಿನ ಮೇಲೆ ಬೆರಳಾಡಿಸಿ, 'ಇರ್ಲಿ ಬಿಡೋ, ಹುಟ್ಟಿರೋದಂತೂ ನಿಜ ತಾನೆ' ಎಂದರು.

ತಪ್ಪು ಬೈಂಡರ್‌ನದಲ್ಲ, ನನ್ನದು. ಬಿ.ಎಸ್‌ಸಿ.ಯಲ್ಲಿ ರಸಾಯನಶಾಸ್ತ್ರ ಓದಿದ್ದ ನನಗೆ ಹಳೆಯ ಕಾಗದ ಏಕೆ ಮುರಿಯುತ್ತದೆ ಎಂದು ಕೇಳಿಕೊಳ್ಳುವ ಬುದ್ಧಿ ಬರಲಿಲ್ಲ. ಕೇಳಿಕೊಂಡಿದ್ದರೆ, ಮುರಿಯುವ ಪುಸ್ತಕಕ್ಕೆ ಬೇಕಾದದ್ದು ಹೊಲಿಗೆಯಲ್ಲ, ಒಂದು ಪೆಟ್ಟಿಗೆ ಎಂಬುದು ತಿಳಿಯುತ್ತಿತ್ತು.

ಕಾಗದ ಏಕೆ ಮುರಿಯುತ್ತದೆ?

ಕಾಗದವೆಂದರೆ ಸೆಲ್ಯುಲೋಸ್ ಎಳೆಗಳ ಹೆಣಿಗೆ. ಸೆಲ್ಯುಲೋಸ್ ಎಂದರೆ ಸಾವಿರಾರು ಗ್ಲೂಕೋಸ್ ಘಟಕಗಳನ್ನು ಒಂದರ ಹಿಂದೊಂದು ಪೋಣಿಸಿದ ಸರ. ಮಲ್ಲಿಗೆ ಮಾಲೆಯ ದಾರವನ್ನು ಅಲ್ಲಲ್ಲಿ ಕತ್ತರಿಸಿದರೆ ಹೂ ಹಾಗೇ ಇರುತ್ತದೆ, ಮಾಲೆ ಮಾತ್ರ ಎತ್ತಿದ ಕೂಡಲೇ ಉದುರುತ್ತದೆ. ಹಳೆಯ ಕಾಗದದಲ್ಲಿ ಆಗುವುದೂ ಇದೇ. ಅಕ್ಷರ ಕಾಣುತ್ತಿರುತ್ತದೆ, ಹಾಳೆ ಮಡಿಸಿದರೆ ತುಂಡಾಗುತ್ತದೆ. ಇಲ್ಲಿ ದಾರ ಕತ್ತರಿಸುವ ಕತ್ತರಿ ಆಮ್ಲ. ಅದಕ್ಕೆ ನೆರವಾಗುವುದು ಗಾಳಿಯ ತೇವ ಮತ್ತು ಬಿಸಿ.

ಆಮ್ಲ ಬಂದದ್ದು ಎಲ್ಲಿಂದ? ಮೊದಲು ಕಾಗದವನ್ನು ಹತ್ತಿ, ನಾರಿನ ಚಿಂದಿ ಬಟ್ಟೆಯಿಂದ ಮಾಡುತ್ತಿದ್ದರು. ಅಂಥ ಕಾಗದ ಶತಮಾನಗಳನ್ನು ಕಂಡಿದೆ. 1807ರಲ್ಲಿ ಜರ್ಮನಿಯ ಇಲ್ಲಿಗ್ ಎಂಬಾತ, ಶಾಯಿ ಹರಡದಂತೆ ಕಾಗದಕ್ಕೆ ರಾಳ ಮತ್ತು ಆಲಂ ಸೇರಿಸುವ ವಿಧಾನವನ್ನು ಪ್ರಕಟಿಸಿದ. ಆಲಂ ತೇವದೊಡನೆ ಸೇರಿ ನಿಧಾನವಾಗಿ ಆಮ್ಲ ಹುಟ್ಟಿಸುತ್ತದೆ. 1844ರಲ್ಲಿ ಅದೇ ದೇಶದ ಕೆಲ್ಲರ್ ಮರವನ್ನು ಅರೆದು ತಿರುಳು ಮಾಡುವ ದಾರಿ ತೋರಿಸಿದ. ಪುಸ್ತಕ ಅಗ್ಗವಾಯಿತು, ಬಡವರ ಮನೆಗೂ ಬಂತು. ಆದರೆ ಮರದ ಜೊತೆ ಲಿಗ್ನಿನ್ ಎಂಬ ವಸ್ತುವೂ ಕಾಗದಕ್ಕೆ ಬಂತು. ಬೆಳಕು ತಾಗಿದರೆ ಕಂದಾಗುವುದು ಅದರ ಗುಣ.

ಅಮೆರಿಕದ ವರ್ಜೀನಿಯಾದ ವಿಲಿಯಂ ಬ್ಯಾರೋ 1900ರಿಂದ 1949ರವರೆಗೆ ಅಚ್ಚಾದ 500 ಪುಸ್ತಕಗಳ ಕಾಗದವನ್ನು ಪರೀಕ್ಷಿಸಿ, 1959ರಲ್ಲಿ ಫಲಿತಾಂಶ ಪ್ರಕಟಿಸಿದರು. ಇನ್ನೂ 50 ವರ್ಷಕ್ಕಿಂತ ಹೆಚ್ಚು ಬಾಳುವ ಲಕ್ಷಣವಿದ್ದದ್ದು ನೂರಕ್ಕೆ ಮೂರಕ್ಕೆ ಮಾತ್ರ. ನಮ್ಮ ಮನೆಗಳಲ್ಲಿರುವ ತಾತ, ಮುತ್ತಾತಂದಿರ ಪುಸ್ತಕಗಳಲ್ಲಿ ಬಹುಪಾಲು ಆ ಕಾಲದವೇ.

ವಿದ್ಯಾರ್ಥಿಗಳು ಇದನ್ನು ಕಣ್ಣಾರೆ ನೋಡಬಹುದು. ಒಂದು ಹಾಳೆ ದಿನಪತ್ರಿಕೆ, ಒಂದು ಹಾಳೆ ಜೆರಾಕ್ಸ್ ಕಾಗದ ತೆಗೆದುಕೊಂಡು ಎರಡರ ಅರ್ಧ ಭಾಗವನ್ನೂ ರಟ್ಟಿನಿಂದ ಮುಚ್ಚಿ ಒಂದು ವಾರ ಬಿಸಿಲಿಗಿಡಿ. ಪತ್ರಿಕೆಯ ತೆರೆದ ಅರ್ಧ ಹಳದಿಯಾಗಿರುತ್ತದೆ. ಮುಚ್ಚಿಟ್ಟ ಅರ್ಧ ಹೆಚ್ಚು ಕೆಡುವುದಿಲ್ಲ. ಪೆಟ್ಟಿಗೆಯ ಮೊದಲ ಪಾಠ ಇಲ್ಲಿಯೇ ಇದೆ.

ಸಂಪುಟ ಎಂದರೆ ಪೆಟ್ಟಿಗೆ

ಪುಸ್ತಕಕ್ಕೆ ಗೂಡು ಕಟ್ಟುವುದು ನಮಗೇನೂ ಹೊಸದಲ್ಲ. ಗ್ರಂಥದ ಭಾಗಕ್ಕೆ ನಾವು 'ಸಂಪುಟ' ಎನ್ನುತ್ತೇವೆ. ಆ ಮಾತಿಗೆ ಸಂಸ್ಕೃತದಲ್ಲಿ ಮುಚ್ಚಳವಿರುವ ಕರಂಡಕ ಎಂಬ ಅರ್ಥವಿದೆ. ಓಲೆಗರಿಯ ಕಟ್ಟನ್ನು ನೋಡಿ: ಮೇಲೆ ಕೆಳಗೆ ಮರದ ಹಲಗೆ, ನಡುವೆ ತೂರಿದ ದಾರ, ಅದರ ಮೇಲೆ ಬಟ್ಟೆಯ ಸುತ್ತು, ಆಮೇಲೆ ಪೆಟ್ಟಿಗೆ. ಮೂಡಬಿದಿರೆಯ ಜೈನ ಬಸದಿಯಲ್ಲಿ ಧವಲಾ ಗ್ರಂಥಗಳ ಹಳಗನ್ನಡ ಲಿಪಿಯ ಓಲೆಗರಿಗಳು ಶತಮಾನಗಳ ಕಾಲ ಉಳಿದದ್ದು ಇಂಥ ಜೋಪಾನದಿಂದ. ಮೈಸೂರಿನಲ್ಲಿ 1891ರಲ್ಲಿ ಓರಿಯಂಟಲ್ ಲೈಬ್ರರಿ ಆರಂಭವಾಯಿತು. ಅದೇ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ. ಅಲ್ಲಿಗೆ ಬಂದ ಒಂದು ಓಲೆಗರಿ ಕಟ್ಟಿನಲ್ಲಿ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಅದಕ್ಕೆ ಮೊದಲು ಆ ಗರಿಗಳನ್ನು ಯಾರೋ ತಲೆಮಾರುಗಳ ಕಾಲ ಕಟ್ಟಿ ಕಾಯ್ದಿದ್ದರಿಂದಲೇ ಅದು ಶಾಸ್ತ್ರಿಗಳ ಕೈ ತಲುಪಿತು.

ಈಗ ಜಗತ್ತಿನ ದೊಡ್ಡ ಗ್ರಂಥಾಲಯಗಳು ಬಳಸುವ ರಟ್ಟಿನ ಪೆಟ್ಟಿಗೆಯ ಹಿಂದೆ ಒಂದು ಪ್ರವಾಹದ ಕಥೆಯಿದೆ. 1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸ್ ನಗರಕ್ಕೆ ಆರ್ನೋ ನದಿ ನುಗ್ಗಿ, ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಪುಸ್ತಕರಾಶಿ ಕೆಸರಿನಲ್ಲಿ ಮುಳುಗಿತು. ನೆರವಿಗೆ ಹೋದವರಲ್ಲಿ ಇಂಗ್ಲೆಂಡಿನ ಪೀಟರ್ ವಾಟರ್ಸ್ ಒಬ್ಬರು. ಮುಂದೆ ಅವರು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಪುಸ್ತಕ ಸಂರಕ್ಷಣೆಯ ಹೊಣೆ ಹೊತ್ತರು. ಲಕ್ಷಗಟ್ಟಲೆ ಪುಸ್ತಕಗಳನ್ನು ಒಂದೊಂದಾಗಿ ರಿಪೇರಿ ಮಾಡಲು ಒಂದು ಜನ್ಮ ಸಾಲದು. ಆದ್ದರಿಂದ ಮೊದಲ ಹಂತದಲ್ಲಿ ಸರಳವಾದ ಪೆಟ್ಟಿಗೆ, ರಿಪೇರಿ ಅದರ ಸರದಿ ಬಂದಾಗ ಎಂದು 1970ರ ದಶಕದಲ್ಲಿ ಅಲ್ಲಿ ಗೊತ್ತುಮಾಡಿಕೊಂಡರು. ಆ ಪೆಟ್ಟಿಗೆಗೆ 'ಫೇಸ್ ಬಾಕ್ಸ್', ಅಂದರೆ ಹಂತದ ಪೆಟ್ಟಿಗೆ ಎಂದೇ ಹೆಸರಾಯಿತು. ಅಪಘಾತದಲ್ಲಿ ಮೂಳೆ ಮುರಿದವರಿಗೆ ಮೊದಲು ಪಟ್ಟಿ ಕಟ್ಟಿ ಅಲುಗದಂತೆ ಮಾಡುವುದಿಲ್ಲವೇ, ಹಾಗೆ.

ಪೆಟ್ಟಿಗೆ ಮಾಡುವ ಬಗೆ

ಕೆಲವು ವರ್ಷಗಳ ಹಿಂದೆ ಕೆಂಗೇರಿ ಕಡೆಯಿಂದ ಬರುತ್ತಿದ್ದ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪ್ಲಾಸ್ಟಿಕ್ ಕವರಿನಲ್ಲಿ ಒಂದು ನೋಟ್‌ಬುಕ್ ತಂದಳು. ಅವಳ ಅಜ್ಜಿ ಮದುವೆಗೆ ಮುಂಚೆ ಬರೆದಿಟ್ಟುಕೊಂಡ ಸೋಬಾನೆ ಹಾಡುಗಳು. ಸುತ್ತಿದ್ದ ರಬ್ಬರ್ ಬ್ಯಾಂಡ್ ಕರಗಿ ರಟ್ಟಿಗೆ ಅಂಟಿಕೊಂಡಿತ್ತು. 'ಸರ್, ಲ್ಯಾಮಿನೇಷನ್ ಮಾಡಿಸಲಾ?' ಎಂದಳು. ಬೇಡಮ್ಮ, ಇದಕ್ಕೊಂದು ಮನೆ ಕಟ್ಟೋಣ ಎಂದೆ. ಅದರ ಅಳತೆಯನ್ನೇ ಇಲ್ಲಿ ಕೊಡುತ್ತೇನೆ: ಎತ್ತರ 200 ಮಿ.ಮೀ., ಅಗಲ 160, ದಪ್ಪ 20. ಹಳೆಯ ಪುಸ್ತಕ ಎಲ್ಲ ಕಡೆಯೂ ಒಂದೇ ಅಳತೆಯಲ್ಲಿರುವುದಿಲ್ಲ. ಮೂರು ಕಡೆ ಅಳೆದು ಹೆಚ್ಚಿನದನ್ನು ಹಿಡಿಯಿರಿ.

ಬೇಕಾದ ಸಾಮಾನು: 22×28 ಇಂಚಿನ ಒಂದು ಮೌಂಟ್ ಬೋರ್ಡ್, ಕಟರ್, ಉಕ್ಕಿನ ಸ್ಕೇಲು, ಫೆವಿಕಾಲ್, ಹತ್ತಿಯ ಲಾಡಿ. ಬೋರ್ಡು ಆಸಿಡ್ ಫ್ರೀ ಆಗಿರಲಿ. ಚಿತ್ರಕಲೆ ಸಾಮಗ್ರಿಯ ಅಂಗಡಿಯಲ್ಲಿ, ಫೋಟೋಗೆ ಫ್ರೇಮು ಹಾಕುವವರಲ್ಲಿ ಕೇಳಿ ನೋಡಿ. ನಿಜವಾಗಿ ಹಾಗಿದೆಯೇ ಎಂಬ ಅನುಮಾನ ಬಂದರೆ ಶಾಲೆಯ ಪ್ರಯೋಗಾಲಯವಿದೆ. ಬೋರ್ಡಿನ ಚೂರೊಂದನ್ನು ಹರಿದು, ಮೇಷ್ಟ್ರ ಎದುರಿಗೇ, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಒಂದು ತೊಟ್ಟು ಹಾಕಿ ಲೆನ್ಸಿನಲ್ಲಿ ನೋಡಿ. ಗುಳ್ಳೆ ಎದ್ದರೆ ಅದರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಇದೆ ಎಂದರ್ಥ. ಮುಂದೆ ಬರುವ ಆಮ್ಲವನ್ನು ಅದು ಹೀರಿ ತಣಿಸುತ್ತದೆ. ಈ ಪರೀಕ್ಷೆ ಬೋರ್ಡಿನ ಚೂರಿಗೆ ಮಾತ್ರ, ಪುಸ್ತಕಕ್ಕೆ ಎಂದೂ ಅಲ್ಲ.

ಪೆಟ್ಟಿಗೆ ಎಂದರೆ ಕೂಡಿಸುವ ಚಿಹ್ನೆಯಂತೆ ಅಡ್ಡಡ್ಡ ಇಟ್ಟ ಎರಡು ಪಟ್ಟಿ. ಒಳಪಟ್ಟಿಯ ಅಗಲ 162 ಮಿ.ಮೀ. ಉದ್ದದಲ್ಲಿ 100, 22, 202, 22, 100 ಎಂದು ಗುರುತು ಹಾಕಿ, ಒಟ್ಟು 446. ನಡುವಿನ 202 ಪುಸ್ತಕ ಮಲಗುವ ತಳ, 22 ಗೋಡೆ, 100 ಮೇಲೆ ಮುಚ್ಚುವ ರೆಕ್ಕೆ. ಹೊರಪಟ್ಟಿಯ ಅಗಲ 206. ಉದ್ದದಲ್ಲಿ 160, 26, 164, 28, 164, ಒಟ್ಟು 542. ಒಂದು ಗೋಡೆ ಎರಡು ಮಿ.ಮೀ. ಹೆಚ್ಚಿರುವುದು ತಪ್ಪಲ್ಲ, ಆ ಕಡೆಯ ರೆಕ್ಕೆ ಇನ್ನೊಂದರ ಮೇಲೆ ಬಂದು ಕೂರಬೇಕು. ನಿಮ್ಮ ಪುಸ್ತಕಕ್ಕೆ ಇದೇ ಲೆಕ್ಕದಲ್ಲಿ ಅಂಕಿ ಬದಲಿಸಿಕೊಳ್ಳಿ. ಮೊದಲು ಹಳೆಯ ಕ್ಯಾಲೆಂಡರ್ ಹಾಳೆಯಲ್ಲಿ ಒಂದು ಮಾದರಿ ಮಾಡಿ ನೋಡಿದರೆ ಬೋರ್ಡು ಹಾಳಾಗುವುದಿಲ್ಲ.

ಬೋರ್ಡನ್ನು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ. ಒಂದು ಕಡೆಗೆ ಸುಲಭವಾಗಿ ಬಾಗುತ್ತದೆ, ಏಕೆಂದರೆ ಎಳೆಗಳೆಲ್ಲ ಒಂದೇ ದಿಕ್ಕಿಗೆ ಮಲಗಿರುತ್ತವೆ. ಸುಲಭವಾಗಿ ಬಾಗುವ ಕಡೆಗೇ ಮಡಿಕೆ ಬರುವಂತೆ ಪಟ್ಟಿ ಕತ್ತರಿಸಿ. ಮಡಿಕೆಯ ಗೆರೆಯನ್ನು ಕಟರಿನಿಂದ ಕೊಯ್ಯಬೇಡಿ. ಶಾಯಿ ಮುಗಿದ ಬಾಲ್‌ಪೆನ್ನಿನ ತುದಿಯನ್ನು ಸ್ಕೇಲಿಗೆ ಒತ್ತಿ ಎಳೆದರೆ ತಗ್ಗು ಬಿದ್ದು, ಬೋರ್ಡು ನೇರವಾಗಿ ಮಡಿಯುತ್ತದೆ. ಕಟರ್ ಕೆಲಸವನ್ನು ದೊಡ್ಡವರು ಮಾಡಲಿ. ಹೊರಪಟ್ಟಿಯ ತಳದ ಮೇಲೆ ಒಳಪಟ್ಟಿಯ ತಳವನ್ನು ಫೆವಿಕಾಲಿನಿಂದ ತೆಳ್ಳಗೆ ಅಂಟಿಸಿ ತೂಕ ಹೇರಿ. ಎರಡು ದಿನ ಗಾಳಿಗಿಟ್ಟು ವಾಸನೆ ಹೋದ ಮೇಲೆ ಪುಸ್ತಕ ಇಡಿ. ಮೊದಲು ಒಳರೆಕ್ಕೆ, ಮೇಲೆ ಹೊರರೆಕ್ಕೆ ಮುಚ್ಚಿ ಲಾಡಿ ಕಟ್ಟಿ. ಪುಸ್ತಕಕ್ಕೆ ಒಂದು ತೊಟ್ಟು ಅಂಟೂ ತಾಗಿಲ್ಲ, ಒಂದು ಸೂಜಿಯೂ ಚುಚ್ಚಿಲ್ಲ ಎಂಬುದನ್ನು ಗಮನಿಸಿ. ನಾಳೆ ಬಲ್ಲವರು ಯಾರಾದರೂ ಸಿಕ್ಕಿ ರಿಪೇರಿ ಮಾಡುವುದಾದರೆ ಅದು ಇದ್ದಂತೆಯೇ ಅವರ ಕೈಗೆ ಹೋಗುತ್ತದೆ.

ಒಳ್ಳೆಯ ಬೋರ್ಡು ಸಿಗದಿದ್ದರೆ ಕೈಕಟ್ಟಿ ಕೂರಬೇಕಿಲ್ಲ. ಚೆನ್ನಾಗಿ ಒಗೆದು ಒಣಗಿಸಿದ, ಬಣ್ಣವಿಲ್ಲದ ಹತ್ತಿ ಬಟ್ಟೆಯಲ್ಲಿ ಪುಸ್ತಕವನ್ನು ಸುತ್ತಿ ಆಮೇಲೆ ಸಾಧಾರಣ ರಟ್ಟಿನ ಪೆಟ್ಟಿಗೆಯಲ್ಲಿಡಿ. ಸ್ವೀಟ್ ಬಾಕ್ಸು ಮಾತ್ರ ಬೇಡ. ಅದರ ತುಪ್ಪದ ಜಿಡ್ಡಿಗೆ ಇರುವೆ, ಜಿರಳೆ ನಿಮಗಿಂತ ಮುಂಚೆ ಬರುತ್ತವೆ.

ಮಾಡಬಾರದ ಕೆಲವು

ಸೆಲ್ಲೋಟೇಪ್ ಹಚ್ಚಬೇಡಿ. ಕೆಲವೇ ವರ್ಷದಲ್ಲಿ ಅದರ ಅಂಟು ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ. ಲ್ಯಾಮಿನೇಷನ್ ಬೇಡ, ಬಿಸಿಯಿಂದ ಅಂಟಿದ ಪ್ಲಾಸ್ಟಿಕ್ಕನ್ನು ಬಿಡಿಸಲಾಗದು, ಒಳಗಿನ ಆಮ್ಲವೂ ಒಳಗೇ ಉಳಿಯುತ್ತದೆ. ಮೇಲೆ ಹೇಳಿದ ಬ್ಯಾರೋ ಅವರೇ ದಾಖಲೆ ಪತ್ರಗಳಿಗೆ ಲ್ಯಾಮಿನೇಷನ್ ಮಾಡುವ ಯಂತ್ರವನ್ನು ರೂಪಿಸಿದ್ದರು. ಅದನ್ನು ಬಿಡಿಸುವುದು ಈಗಿನ ಸಂರಕ್ಷಕರಿಗೆ ದೊಡ್ಡ ತಲೆನೋವು. ಬಲ್ಲವರೂ ಎಡವಿದ ದಾರಿ ಅದು. ನುಸಿಗುಳಿಗೆಯನ್ನು ಪೆಟ್ಟಿಗೆಯೊಳಗೆ ಹಾಕಬೇಡಿ, ಅದರ ಆವಿ ಮಕ್ಕಳಿಗೆ ಒಳ್ಳೆಯದಲ್ಲ. ಬಜೆಯ ಬೇರನ್ನೋ ಒಣಗಿದ ಬೇವಿನೆಲೆಯನ್ನೋ ಬಟ್ಟೆಯಲ್ಲಿ ಕಟ್ಟಿ ಬೀರುವಿನ ಮೂಲೆಯಲ್ಲಿಡುವುದು ಹಿರಿಯರ ಪದ್ಧತಿ. ಅದು ಪುಸ್ತಕಕ್ಕೆ ತಾಗದಿದ್ದರೆ ಸಾಕು. ಅದಕ್ಕಿಂತ ದೊಡ್ಡ ಔಷಧವೆಂದರೆ ಮೂರು ತಿಂಗಳಿಗೊಮ್ಮೆ ತೆರೆದು ನೋಡುವುದು.

ಸಜ್ಜವೂ ಪುಸ್ತಕದ ಜಾಗವಲ್ಲ. ಬೇಸಿಗೆಯಲ್ಲಿ ತಾರಸಿಯ ಕೆಳಗೇ ಇರುವ ಸಜ್ಜದಷ್ಟು ಕಾಯುವ ಜಾಗ ಮನೆಯಲ್ಲಿ ಬೇರೆ ಇಲ್ಲ. ಉಷ್ಣತೆ ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎಂದು ನಾವು ಶಾಲೆಯಲ್ಲಿ ಹೇಳಿಕೊಡುತ್ತೇವೆ. ಪಶ್ಚಿಮದ ಗೋಡೆ, ಬಚ್ಚಲಿನ ಪಕ್ಕದ ಗೋಡೆ, ನೆಲ ಇವೂ ಬೇಡ. ಮನೆಯ ಒಳಗೋಡೆಗೆ ಆನಿಸಿದ ಬೀರುವಿನ ನಡುವಿನ ಹಲಗೆ ಎಲ್ಲಕ್ಕಿಂತ ಒಳ್ಳೆಯದು. ಮಳೆಗಾಲದಲ್ಲಿ ಗಾಳಿಯ ತೇವ ಏರಿಳಿದರೂ ಪೆಟ್ಟಿಗೆಯ ರಟ್ಟು ಅದನ್ನು ಮೊದಲು ತಾನು ಹೀರಿ, ಒಳಗಿನ ಪುಸ್ತಕಕ್ಕೆ ಹೊಡೆತ ಮೆಲ್ಲಗೆ ತಾಗುವಂತೆ ಮಾಡುತ್ತದೆ.

ಮುಚ್ಚುವ ಮುನ್ನ ಪ್ರತಿ ಪುಟದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಪುಸ್ತಕವನ್ನು ಪೂರ್ತಿ ಬಿಚ್ಚಿ ಒತ್ತಬೇಡಿ, ತೆರೆದಷ್ಟೇ ಸಾಕು. ಆಗ ಓದಲು ಮತ್ತೆ ಮತ್ತೆ ಪೆಟ್ಟಿಗೆ ತೆರೆಯಬೇಕಾಗುವುದಿಲ್ಲ. ಪೆಟ್ಟಿಗೆಯ ಮೇಲೆ ಪೆನ್ಸಿಲಿನಲ್ಲಿ ಪುಸ್ತಕದ ಹೆಸರು, ಅದು ಯಾರದು, ಮನೆಗೆ ಹೇಗೆ ಬಂತು ಎಂದು ಬರೆಯಿರಿ. ಇದನ್ನು ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆಯಿರಿ.

ಆ ಹುಡುಗಿ ಪೆಟ್ಟಿಗೆಯನ್ನು ಮನೆಗೊಯ್ದ ಮರುದಿನ ಹೇಳಿದಳು: 'ಅಜ್ಜಿ ಅರ್ಧ ಗಂಟೆ ಲಾಡಿ ಬಿಚ್ಚಿ ಕಟ್ಟಿ ಮಾಡ್ತಾನೇ ಇದ್ರು ಸರ್. ಆಮೇಲೆ ಎರಡು ಹಾಡು ಹೇಳಿದ್ರು. ಒಂದು ಆ ಬುಕ್ಕಲ್ಲಿ ಇರಲೇ ಇಲ್ಲ.' ಅದನ್ನು ಬರೆದುಕೊಂಡೆಯಾ ಎಂದು ಕೇಳಿದೆ. ಬೇರೆ ಹಾಳೆಯಲ್ಲಿ ಬರೆದು ಅದೇ ಪೆಟ್ಟಿಗೆಯಲ್ಲಿಟ್ಟಿದ್ದಳು.

ತಾತನ ಜೈಮಿನಿ ಭಾರತವೂ ಈಗ ಪೆಟ್ಟಿಗೆಯಲ್ಲಿದೆ. ಕತ್ತರಿಸಿ ಹೋದ ಸಂವತ್ಸರ ಮರಳಿ ಬರುವುದಿಲ್ಲ. ಉಳಿದ ತಿಥಿ, ವಾರಗಳಾದರೂ ನನ್ನ ಮೊಮ್ಮಕ್ಕಳಿಗೆ ಸಿಗಲಿ. ಮುಂದಿನ ರಜೆಯಲ್ಲಿ ಒಂದು ಭಾನುವಾರ ನೀವೂ ಮಕ್ಕಳ ಜೊತೆ ಸಜ್ಜ ಹತ್ತಿ ನೋಡಿ. ಸಿಕ್ಕ ಪುಸ್ತಕವನ್ನು ಕೈಯಲ್ಲಿ ಎತ್ತುವ ಮೊದಲು ಅದರ ಕೆಳಗೊಂದು ರಟ್ಟು ತೂರಿಸುವುದನ್ನು ಮರೆಯಬೇಡಿ.