ಬಿಸಿಲಿದ್ದರೂ ಹೊಳೆ ಏರುತ್ತದೆ!

ಮಕ್ಕಳೇ, ಜಲಪಾತ ಅಂದಕೂಡಲೇ ಜೋಗವೇ ನೆನಪಾಗುತ್ತದೆ, ಹೌದಲ್ಲ? ಸೊಲ್ಲಾಪುರದಿಂದ ಹೈದರಾಬಾದ್ ರಸ್ತೆ ಹಿಡಿದು ಸುಮಾರು 45 ಕಿ.ಮೀ. ಹೋದರೆ ನಳದುರ್ಗ ಕೋಟೆ ಅದ. ಆದಿಲಶಾಹಿ ಕಾಲದಲ್ಲಿ ಕೋಟೆಯೊಳಗೇ ಬೋರಿ ನದಿಗೆ ಕಲ್ಲಿನ ಕಟ್ಟೆ ಕಟ್ಟಿದ್ದಾರೆ. ಮಳೆಗಾಲದಲ್ಲಿ ನದಿ ತುಂಬಿದರೆ ಕಟ್ಟೆಯ ಮೇಲಿಂದ ನೀರು ಎರಡು ಧಾರೆಯಾಗಿ ಬೀಳುತ್ತದೆ. ಜನ ಅವಕ್ಕೆ ‘ನರ’, ‘ಮಾದಿ’ ಅಂತಾರೆ.

ಕಟ್ಟೆಯ ಹೊಟ್ಟೆಯೊಳಗೇ ‘ಪಾನಿ ಮಹಲ್’ ಅದ. ಮುಂದೆಯೇ ನೀರು ಬೀಳುತ್ತಿದ್ದರೂ ಒಳಗಿದ್ದವರು ತೋಯುವುದಿಲ್ಲ. ಯಾಕೆ? ಅಂಚು ದಾಟುವ ನೀರಿಗೆ ಮುಂದಕ್ಕೆ ಹೋಗುವ ವೇಗ ಇರುತ್ತದೆ. ಗುರುತ್ವ ಕೆಳಗೆ ಎಳೆಯುತ್ತದೆ. ಎರಡೂ ಸೇರಿ ನೀರು ಬಾಗಿ, ಗೋಡೆಯಿಂದ ದೂರ ಬೀಳುತ್ತದೆ. ಮೇಜಿನ ಅಂಚಿನಿಂದ ಗೋಲಿ ಉರುಳಿಸಿ ನೋಡಿ, ಅದೂ ಹಾಗೇ ಬೀಳುತ್ತದೆ.

ಹೋದ ಮಳೆಗಾಲ ನಮ್ಮ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಚುರುಕು ಬಿಸಿಲು. “ಸರ್, ಕೆಳಗ ಆ ಬಂಡೆಗಲ್ಲಿನ ಮ್ಯಾಲೆ ನಿಂತು ಫೋಟೊ ತೆಗಸ್ಕೋತೀನ್ರಿ” ಅಂದ ಒಬ್ಬ. ನಾನೂ ಹೂಂ ಅನ್ನುವವನಿದ್ದೆ. ಅಷ್ಟರಲ್ಲಿ ತಿಳಿನೀರು ಕದಡಿತು, ಕಸಕಡ್ಡಿ ತೇಲಿಬಂತು. “ಬ್ಯಾಡ” ಅಂದೆ. ಸ್ವಲ್ಪ ಹೊತ್ತಿಗೆ ಆ ಬಂಡೆಗಲ್ಲೇ ಮುಳುಗಿತು. ಮಳೆ ನಮ್ಮ ತಲೆಯ ಮೇಲಲ್ಲ, ನದಿಯ ಮೇಲ್ದಿಕ್ಕಿನ ಊರುಗಳಲ್ಲಿ ಆಗಿತ್ತು.

ನೆನಪಿಡಿ: ಹರಿವಿನ ವೇಗ ಎರಡು ಪಟ್ಟಾದರೆ ನೀರು ನಮ್ಮನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಮೊಣಕಾಲುದ್ದದ ನೀರೂ ಕೆಡವಬಲ್ಲದು. ನೀರಿನ ಬಣ್ಣ, ಸಪ್ಪಳ ಬದಲಾದರೆ ಮೊದಲು ದಂಡೆ ಹತ್ತಿ. ಕಾರಣ ಆಮೇಲೆ ಹುಡುಕೋಣ.

ಹೆಸರಾದ ಜಲಪಾತಗಳಲ್ಲಿ ಕಾವಲುಗಾರರು, ಕಂಬಿಬೇಲಿ ಇರಬಹುದು. ನಿಮ್ಮೂರ ಹಳ್ಳದ ಸಣ್ಣ ಜಲಪಾತಕ್ಕೆ ನಿಮ್ಮ ಕಣ್ಣೇ ಕಾವಲು.